ತಟ್ಟೆ ತೊಳೆಯೋದು ಯಾರು?

ಈ ಲೇಖನಕ್ಕೆ ನಾನು ಮೊದಲು ಇಟ್ಟಿದ್ದ ಹೆಸರು ‘ಸ್ಟೀಲ್ ತಟ್ಟೆ ವಾಪಸ್ ಕೊಡಿ’. ಅರ್ಧ ಬರೆದೂ ಆಗಿತ್ತು. ಆಮೇಲೆ ಒಂದು ಹೋಟೆಲ್‌ನ ಹಿಂಬಾಗಿಲ ಹತ್ರ ಹತ್ತು ನಿಮಿಷ ನಿಂತೆ, ಅಭಿಪ್ರಾಯ ಬದಲಾಯ್ತು. ಪೂರ್ತಿ ಅಲ್ಲ, ಮುಕ್ಕಾಲು ಭಾಗ.

ವಿಷಯ ಇಷ್ಟೇ. ನಮ್ಮ ಕಾಲೇಜಿನ ಹತ್ರ ನಾವೆಲ್ಲ ಹೋಗೋ ಒಂದು ದರ್ಶಿನಿಯಲ್ಲಿ ಕಳೆದ ಬೇಸಿಗೆಯಿಂದ ಸ್ಟೀಲ್ ತಟ್ಟೆ ಇಲ್ಲ. ಪೇಪರ್ ಪ್ಲೇಟ್, ಪೇಪರ್ ಕಪ್. ಕೌಂಟರ್ ಮೇಲೆ ‘ನೀರು ಉಳಿಸಿ, ಪರಿಸರ ಉಳಿಸಿ’ ಅನ್ನೋ ಸ್ಟಿಕ್ಕರ್. ಅದನ್ನ ನೋಡಿದಾಗಲೆಲ್ಲ ನನಗೆ ಸಿಟ್ಟು ಬರ್ತಿತ್ತು. ಸಾಂಬಾರ್ ಸುರಿದ್ರೂ ನೆನೆಯದ ಪೇಪರ್ ಎಲ್ಲಿಂದ ಬಂತು ಹೇಳಿ? ಸಾಮಾನ್ಯವಾಗಿ ಅದರ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಲೇಪನ ಇರುತ್ತೆ. ಅಂಥ ಪ್ಲೇಟ್ ಗೊಬ್ಬರವೂ ಆಗಲ್ಲ, ಎಣ್ಣೆ ಅಂಟಿದ ಮೇಲೆ ರೀಸೈಕಲ್ ಆಗೋದೂ ಕಷ್ಟ. ಹೋಟೆಲ್‌ನವರು ಉಳಿಸಿದ ನೀರಿನ ಲೆಕ್ಕ ಬೋರ್ಡ್ ಮೇಲೆ ಬರುತ್ತೆ, ಎಸೆದ ಪ್ಲೇಟಿನ ಲೆಕ್ಕ ಮರುದಿನ ಬೆಳಗ್ಗೆ ಪೌರಕಾರ್ಮಿಕರ ತಲೆ ಮೇಲೆ ಬೀಳುತ್ತೆ.

ಆದ್ರೆ ಮಾಲೀಕರ ಮಾತೂ ಸುಳ್ಳಲ್ಲ. 2024ರ ಮಾರ್ಚ್ ನೆನಪಿದೆಯಾ? ನಾವು ಸೆಕೆಂಡ್ ಪಿಯು ಪರೀಕ್ಷೆ ಬರೀತಿದ್ದಾಗ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರ್‌ಗೆ ಕ್ಯೂ ನಿಂತಿತ್ತು. ಆಗ ಎಷ್ಟೋ ಹೋಟೆಲ್‌ಗಳು ಎಸೆಯೋ ತಟ್ಟೆ-ಲೋಟಕ್ಕೆ ಬದಲಾದವು. ಜಲಮಂಡಳಿ ಹೋಟೆಲ್, ಮಾಲ್, ಅಪಾರ್ಟ್‌ಮೆಂಟ್‌ಗಳ ನಲ್ಲಿಗಳಿಗೆ ಏರೇಟರ್ ಹಾಕಲೇಬೇಕು ಅಂತ ಅದೇ ತಿಂಗಳು ಹೇಳಿತು. ನೀರಿಗೆ ದುಡ್ಡು ಸುರಿಯೋ ಮಾಲೀಕನಿಗೆ ಪೇಪರ್ ಪ್ಲೇಟ್ ಅಗ್ಗ ಅನ್ನಿಸಿದ್ರೆ ಆಶ್ಚರ್ಯ ಇಲ್ಲ.

ಇಷ್ಟು ಬರೆದು, ಸ್ಟೀಲೇ ಸರಿ ಅಂತ ತೀರ್ಪು ಕೊಡೋದರಲ್ಲಿದ್ದೆ. ಒಂದು ಸಂಜೆ ಅದೇ ಹೋಟೆಲ್‌ನ ಹಿಂದೆ, ಮೊದಲು ತಟ್ಟೆ ತೊಳೀತಿದ್ದ ಹುಡುಗ ಸಿಕ್ಕಿದ. ರಾಯಚೂರು ಕಡೆಯವನು, ನನ್ನದೇ ವಯಸ್ಸು. “ಪೇಪರ್ ಪ್ಲೇಟ್ ಕೆಟ್ಟದ್ದು, ಅಲ್ವಾ?” ಅಂತ ಕೇಳಿದೆ. ಅವನು ಬೆರಳು ತೋರಿಸಿದ. “ನನಗ ಛಲೋ ಆತ್ರಿ. ಕೈ ವಾಸಿ ಆತು,” ಅಂದ. ಬೆಳಗ್ಗೆ ಆರರಿಂದ ಸೋಪು ನೀರಲ್ಲಿ ಕೈ ಇಟ್ಟು ಬೆರಳ ಸಂದು ಒಡೆದು ಹೋಗಿತ್ತಂತೆ. ಬಗ್ಗಿ ಕೂತು ಸೊಂಟ ನೋವು ಬೇರೆ. ಸ್ವಲ್ಪ ಹೊತ್ತಾದ ಮೇಲೆ ತಾನೇ ಇನ್ನೊಂದು ಹೇಳಿದ. ತೊಳೆಯೋಕೆ ಇಬ್ಬರಿದ್ದರು, ಪೇಪರ್ ಬಂದ ಮೇಲೆ ಒಬ್ಬನನ್ನ ಊರಿಗೆ ಕಳಿಸಿದ್ರು.

ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಎನ್ವಿರಾನ್‌ಮೆಂಟಲ್ ಸ್ಟಡೀಸ್ ಪರೀಕ್ಷೆಯಲ್ಲಿ ಸುಸ್ಥಿರತೆಗೆ ಮೂರು ಕಂಬ ಅಂತ ಚಿತ್ರ ಬಿಡಿಸಿ ಮಾರ್ಕ್ಸ್ ತಗೊಂಡವನು ನಾನು: ಪರಿಸರ, ಸಮಾಜ, ಆರ್ಥಿಕತೆ. ಸ್ಟೀಲ್ ತಟ್ಟೆ ಬೇಕು ಅಂತ ಬರೆಯುವಾಗ ಆ ಎರಡನೇ ಕಂಬ ನನ್ನ ತಲೆಗೇ ಬಂದಿರಲಿಲ್ಲ. ನಾನು ಹೊಗಳ್ತಿದ್ದ ‘ಹಸಿರು’ ತಟ್ಟೆ ಅವನ ಕೈ ಮೇಲೆ ನಿಂತಿತ್ತು.

ಈ ತೊಳೆಯೋ ಕೆಲಸದ ಕಥೆ ಎಲ್ಲಾ ಕಡೆ ಇದೆ. ಇಡ್ಲಿಯನ್ನೇ ನೋಡಿ. ಹಬೆಯಲ್ಲಿ ಬೇಯಿಸುವಾಗ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕ್ತಾರೆ ಅನ್ನೋ ಸುದ್ದಿ 2025ರ ಫೆಬ್ರವರಿಯಲ್ಲಿ ಬಂತು. ಪರಿಶೀಲಿಸಿದ 251 ಕಡೆಗಳಲ್ಲಿ 52 ಕಡೆ ಪ್ಲಾಸ್ಟಿಕ್ ಬಳಸ್ತಿದ್ರು. ಸರ್ಕಾರ ನಿಷೇಧಿಸಿತು, ಸರಿಯೇ. ಆದ್ರೆ ಪ್ಲಾಸ್ಟಿಕ್ ಯಾಕೆ ಬಂತು? ಬಟ್ಟೆಯನ್ನ ದಿನಾ ತೊಳೆದು ಒಣಗಿಸಬೇಕು, ಪ್ಲಾಸ್ಟಿಕ್ಕನ್ನ ಎಸೆದರೆ ಆಯ್ತು. ತೊಳೆಯೋ ಕೈಗೆ ಸಂಬಳ, ಜಾಗ, ನೀರು ಕೊಡದೆ ಬರೀ ನಿಷೇಧ ಮಾಡಿದ್ರೆ ಪ್ಲಾಸ್ಟಿಕ್ ಇನ್ನೊಂದು ರೂಪದಲ್ಲಿ ವಾಪಸ್ ಬರುತ್ತೆ.

ದೊಡ್ಡ ಹೋಟೆಲ್‌ಗಳಲ್ಲಿ ಈ ಚರ್ಚೆ ಬೇರೆ ಥರ ನಡೆಯುತ್ತೆ. ಬೆಂಗಳೂರಿನ ಐಟಿಸಿ ಗಾರ್ಡೇನಿಯಾಗೆ ಲೀಡ್ ಪ್ಲಾಟಿನಂ ರೇಟಿಂಗ್ ಇದೆ. ಒಳ್ಳೇದೇ. ಸ್ಟಾರ್ ಹೋಟೆಲ್ ರೂಮಿನಲ್ಲಿ ‘ಟವೆಲ್ ಮತ್ತೆ ಬಳಸಿ, ಭೂಮಿ ಉಳಿಸಿ’ ಅನ್ನೋ ಕಾರ್ಡ್ ಇಡೋದೂ ಈಗ ಮಾಮೂಲು. ಆದ್ರೆ ನಮಗೆ ಹೋಟೆಲ್ ಅಂದ್ರೆ ತಿಂಡಿ ತಿನ್ನೋ ಜಾಗ. ಈ ಊರು ದಿನಾ ತಿನ್ನೋದು ಬೀದಿಗೊಂದಿರೋ ದರ್ಶಿನಿಗಳಲ್ಲಿ. ಅವಕ್ಕೆ ರೇಟಿಂಗ್ ಕೊಡೋಕೆ ಯಾರೂ ಬರಲ್ಲ.

ಹಾಗಾದ್ರೆ ಏನು ಮಾಡಬಹುದು? ಇಲ್ಲಿ ನಾವು ಎಂಜಿನಿಯರಿಂಗ್ ಹುಡುಗರು ಸ್ವಲ್ಪ ಉಪಯೋಗಕ್ಕೆ ಬರ್ತೀವಿ. ತೊಳೆಯೋ ಕಟ್ಟೆಯನ್ನ ಸೊಂಟದ ಎತ್ತರಕ್ಕೆ ಏರಿಸೋದು ದೊಡ್ಡ ಕಾಮಗಾರಿ ಏನಲ್ಲ. ತೊಳೆಯೋ ಮುಂಚೆ ತಟ್ಟೆ ಕೆರೆದು ಒಣದಾಗಿ ಸ್ವಚ್ಛ ಮಾಡಿದ್ರೆ ನೀರೂ ಉಳಿಯುತ್ತೆ, ಆ ಎಂಜಲು ಹಸಿ ಕಸಕ್ಕೂ ಹೋಗುತ್ತೆ. 200 ಲೀಟರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ಕಾಯಿಸೋಕೆ ಸುಮಾರು 8 ಯೂನಿಟ್ ಶಕ್ತಿ ಬೇಕು. ಬಿಸಿಲಿದ್ದ ದಿನ ಅದನ್ನ ಮಾಳಿಗೆ ಮೇಲಿನ ಸೋಲಾರ್ ಹೀಟರ್ ಕೊಡುತ್ತೆ. ಬಿಸಿ ನೀರಿದ್ದರೆ ಜಿಡ್ಡು ಬೇಗ ಬಿಡುತ್ತೆ, ಸೋಪೂ ಕಡಿಮೆ ಸಾಕು. ಹೋಟೆಲ್‌ಗಳಿಗೆಂದೇ ಇರೋ ಡಿಶ್‌ವಾಷರ್ ಒಂದು ರ‍್ಯಾಕ್ ತಟ್ಟೆಗೆ ಮೂರು ಲೀಟರ್ ಆಸುಪಾಸು ನೀರು ತಗೊಳ್ಳುತ್ತೆ. ಅದರ ಬೆಲೆ ಲಕ್ಷಗಳಲ್ಲಿದೆ, ನಿಜ. ಆದ್ರೆ ಅಲ್ಲಿ ಹುಡುಗನ ಕೆಲಸ ಉಳಿಯುತ್ತೆ, ಕೈ ಸೋಪು ನೀರಿಂದ ಹೊರಗೆ ಬರುತ್ತೆ. ಡಿಶ್‌ವಾಷರ್ ಬರೋವರೆಗೆ? ಒಂದು ಜೊತೆ ರಬ್ಬರ್ ಗ್ಲೌಸ್. ಅದೂ ಆಗಲ್ವಾ?

ಇನ್ನೊಂದು, ಕೂರೋದು. ದರ್ಶಿನಿಯಲ್ಲಿ ನಾವು ಹತ್ತು ನಿಮಿಷ ನಿಂತು ತಿಂತೀವಿ, ಸಪ್ಲೈ ಮಾಡೋರು ಇಡೀ ದಿನ ನಿಲ್ಲಬೇಕು. ಅಂಗಡಿ-ಮಳಿಗೆ ಕೆಲಸಗಾರರಿಗೆ ಕೂರೋಕೆ ಆಸನ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಒಂದು ಸ್ಟೂಲ್‌ಗೂ ಕಾನೂನು ಬೇಕಾಯ್ತು ನೋಡಿ.

“ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ?” ಅಂತ ನೀವು ಕೇಳ್ತೀರಿ. ನಾವೇ ಕೊಡಬೇಕು. ದಿನಕ್ಕೆ 1000 ಜನ ಬರೋ ಹೋಟೆಲ್‌ನಲ್ಲಿ ತಲೆಗೆ ಒಂದು ರೂಪಾಯಿ ಹೆಚ್ಚಾದ್ರೆ ತಿಂಗಳಿಗೆ 30,000. ಇಡ್ಲಿಗೆ ಎರಡು ರೂಪಾಯಿ ಜಾಸ್ತಿ ಆದ ದಿನ ನಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಯುದ್ಧ ನಿಮಗೂ ಗೊತ್ತು. ರಾತ್ರಿ ಹನ್ನೊಂದಕ್ಕೆ ಡೆಲಿವರಿ ಫೀ, ಪ್ಲಾಟ್‌ಫಾರಂ ಫೀ ಕೊಟ್ಟು ನಾಲ್ಕು ಪ್ಲಾಸ್ಟಿಕ್ ಡಬ್ಬಿ ತರಿಸೋರೂ ನಾವೇ. ಹಾಗೇ ಅರ್ಧ ಕುಡಿದು ಬಿಡೋ ನೀರು. 1000 ಜನ 100 ಮಿಲಿ ಬಿಟ್ಟರೆ 100 ಲೀಟರ್ ಚರಂಡಿಗೆ. ಅದಕ್ಕೆ ಏರೇಟರ್ ಬೇಡ, ಕುಡಿಯೋವಷ್ಟೇ ಹಿಡ್ಕೊಂಡ್ರೆ ಸಾಕು.

ಆದ್ರೆ ಹೆಚ್ಚಾದ ರೂಪಾಯಿ ಆ ಹುಡುಗನ ಹತ್ರ ಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕೇ ಕೇಳಬೇಕು. ಮುಂದಿನ ಸಲ ಕೌಂಟರ್‌ನಲ್ಲಿ ಟೋಕನ್ ತಗೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಈ ತಟ್ಟೆ ಆಮೇಲೆ ಎಲ್ಲಿಗೆ ಹೋಗುತ್ತೆ? ಇದನ್ನ ತೊಳೆಯೋದು ಯಾರು? ಮೊದಲನೆಯದನ್ನ ಮಾತ್ರ ಕೇಳಿದ್ರೆ ನನ್ನ ಹಳೇ ಲೇಖನದ ಥರ ಅರ್ಧಕ್ಕೇ ನಿಲ್ಲುತ್ತೆ.

ಮೆಕ್ಯಾನಿಕಲ್ ಮತ್ತು ಸಿವಿಲ್ ಫ್ರೆಂಡ್ಸ್‌ಗೆ ಒಂದು ಮಾತು. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕ್ತಿದ್ದೀರಲ್ಲ, ಗೇಟ್ ದಾಟಿ ಹಿಂಬಾಗಿಲಿಗೆ ಹೋಗಿ. ಮಾಲೀಕರನ್ನ ನಾನು ಮಾತಾಡಿಸಿದ್ದೀನಿ. ಕಟ್ಟೆ ಎತ್ತರಿಸೋ ಡ್ರಾಯಿಂಗ್, ಖರ್ಚಿನ ಲೆಕ್ಕ ತಂದು ತೋರಿಸಿದ್ರೆ ಯೋಚನೆ ಮಾಡ್ತೀನಿ ಅಂದಿದ್ದಾರೆ. ಡ್ರಾಯಿಂಗ್ ಬರೆಯೋರು ಬೇಕು.