ಗೇಟಿನ ಬೀಗವೂ ನಾಲಗೆಯ ಬೀಗವೂ

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಈಗ ಮನೆಯೊಂದಕ್ಕೆ ಎಷ್ಟು ಕಾವಲುಗಳಿವೆಯೆಂಬುದನ್ನು ಒಮ್ಮೆ ಎಣಿಸಿ ನೋಡತಕ್ಕದ್ದು. ಆಳೆತ್ತರದ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು, ಕಬ್ಬಿಣದ ಗೇಟು, ಗೇಟಿಗೆ ಬೀಗ, ಬೀಗದ ಮೇಲೆ ಕಣ್ಣಿಟ್ಟ ಕ್ಯಾಮೆರಾ, ನಾಯಿಯಿದೆಯೆಂದು ಬೆದರಿಸುವ ಫಲಕ. ಇಷ್ಟೆಲ್ಲ ಇದ್ದರೂ ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಗೃಹಸ್ಥರು ತಮ್ಮ ಹಿರಿಯರಿಗಿಂತ ನೆಮ್ಮದಿಯಿಂದ ನಿದ್ರಿಸುತ್ತಾರೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಈ ಕಾವಲುಗಳೆಲ್ಲವೂ ಹೊರಗಿನಿಂದ ಬರುವ ಕೇಡಿಗಾಗಿ ಇಟ್ಟವು. ಮನೆಗಳನ್ನು ತಿನ್ನುತ್ತಿರುವ ಕೇಡುಗಳಾದರೋ ಬಹುಮಟ್ಟಿಗೆ ಬೀಗದ ಒಳಗೇ ಇವೆ.

ಯಾವುದಾದರೊಂದು ಬೀದಿಯ ಇಪ್ಪತ್ತು ಮನೆಗಳನ್ನು ತೆಗೆದುಕೊಂಡರೆ ಅವುಗಳಲ್ಲಿ ಸಾಸಿವೆಯಷ್ಟಾದರೂ ದುಃಖವಿಲ್ಲದ ಮನೆ ಯಾವುದು? ಒಂದರಲ್ಲಿ ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ, ಮರೆವಿನ ರೋಗಕ್ಕೆ ತುತ್ತಾದ ಪತ್ನಿಯೊಡನೆ ಒಬ್ಬಂಟಿಯಾಗಿ ಹೆಣಗುವ ವೃದ್ಧರುಂಟು. ಮತ್ತೊಂದರಲ್ಲಿ ಕಂಪನಿಯ ಕೆಲಸ ಹೋಗಿದ್ದರೂ ಬೀದಿಯವರ ಕಣ್ಣಿಗಾಗಿ ಪ್ರತಿದಿನ ಬೆಳಗ್ಗೆ ಚೀಲವನ್ನು ಬೆನ್ನಿಗೇರಿಸಿ ಹೊರಡುವ ಮಗನುಂಟು. ಇನ್ನೊಂದರಲ್ಲಿ ಗಂಡನ ಮನೆಯಿಂದ ಹಿಂದಿರುಗಿದ ಮಗಳನ್ನು ರಜೆಗೆ ಬಂದವಳೆಂದು ಆರು ತಿಂಗಳಿಂದಲೂ ಹೇಳುತ್ತಿರುವ ತಾಯಿಯುಂಟು. ಮನಸ್ಸಿನ ವ್ಯಾಧಿಗಳ ಚಿಕಿತ್ಸೆಗೆ ದೇಶದಲ್ಲೆಲ್ಲ ಹೆಸರಾದ ನಿಮ್ಹಾನ್ಸ್ ಸಂಸ್ಥೆಯು ಜಯನಗರಕ್ಕೆ ಸಮೀಪದಲ್ಲಿಯೇ, ಹೊಸೂರು ರಸ್ತೆಯಲ್ಲಿದೆ. ಮನಸ್ಸು ಕುಗ್ಗಿದವರು ದೂರವಾಣಿಯಲ್ಲಿ ಮಾತನಾಡಲೆಂದು 2022ರ ಅಕ್ಟೋಬರಿನಲ್ಲಿ ಟೆಲಿ-ಮಾನಸ್ ಎಂಬ ಸೇವೆಯೂ 14416 ಎಂಬ ಸಂಖ್ಯೆಯಲ್ಲಿ ಆರಂಭವಾಯಿತು. ಹೀಗಿದ್ದರೂ, ವೈದ್ಯರಲ್ಲಿಗೆ ಹೋದುದು ಎದುರುಮನೆಗೆ ತಿಳಿದೀತೆಂಬ ಒಂದೇ ಭಯದಿಂದ ಹೋಗದೆ ಉಳಿಯುವವರು ಇಲ್ಲವೆಂದು ಹೇಳಲಾದೀತೆ? ಮುಖವರಿಯದ ದನಿಗೆ ಹೇಳಬಹುದಾದ ನೋವನ್ನು ಗೋಡೆಯಾಚೆಯವರಿಗೆ ಹೇಳಲಾಗದಿರುವುದು ಎಂತಹ ನೆರೆಹೊರೆ!

ಈ ಸ್ಥಿತಿಗೆ ಬಡಾವಣೆಗಳ ರಚನೆಯೇ ಕಾರಣವೆಂದು ಕೆಲವರು ವಾದಿಸುತ್ತಾರೆ. ವಾದದಲ್ಲಿ ಸ್ವಲ್ಪ ಸತ್ಯವಿದೆ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ ಪೇಟೆಯ ಇಕ್ಕಟ್ಟಾದ ಓಣಿಗಳ ಮೇಲೆ ಜನಕ್ಕೆ ಭಯ ಹುಟ್ಟಿತು. ಆ ದಶಕದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಯನ್ನೂ, ಮನೆಯ ಸುತ್ತಲೂ ಗಾಳಿ ಬೆಳಕುಗಳನ್ನೂ ಕೊಟ್ಟುವು. 1948ರಲ್ಲಿ ಅಸ್ತಿಭಾರ ಕಂಡ ಜಯನಗರವು ಅದೇ ಮಾದರಿಯನ್ನು ದೊಡ್ಡದಾಗಿ ಮುಂದುವರಿಸಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಕಡೆಗೆ ಬಿ.ಟಿ.ಎಂ. ಎಂಬ ಮೂರಕ್ಷರಗಳಾಗಿ ಕುಗ್ಗಿದಂತೆ, ಊರಿನಲ್ಲಿ ಹೆಸರಿದ್ದ ಮನುಷ್ಯನು ಬಡಾವಣೆಯಲ್ಲಿ ಇಂತಹ ಕ್ರಾಸಿನ ಇಂತಹ ನಂಬರಾದನು. ಆದರೆ ಎರಡು ಮನೆಗಳ ನಡುವೆ ಬಿಟ್ಟ ಜಾಗವು ಗಾಳಿಗಾಗಿ ಬಿಟ್ಟದ್ದೇ ಹೊರತು, ಮಾತು ದಾಟದಿರಲೆಂದು ತೋಡಿದ ಕಂದಕವಲ್ಲ. ತಪ್ಪನ್ನು ನಕ್ಷೆ ಬರೆದವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಾಗಲಾರದು.

ಮತ್ತೆ ಕೆಲವರು ಹಳೆಯ ವಠಾರಗಳನ್ನು ನೆನೆದು ಕಣ್ಣೀರಿಡುತ್ತಾರೆ. ಒಂದೇ ಬಾವಿ, ಒಂದೇ ಅಂಗಳ, ಒಬ್ಬರ ಮನೆಯ ಸಾರಿನ ಒಗ್ಗರಣೆ ಹತ್ತು ಮನೆಗಳಿಗೂ ತಿಳಿಯುತ್ತಿದ್ದ ಕಾಲ ಅದು. ಹೆರಿಗೆಗೂ ಹೆಣಕ್ಕೂ ಕೂಗಿದೊಡನೆ ಜನ ಬರುತ್ತಿದ್ದರೆಂಬುದು ನಿಜ. ಆದರೆ ಅದೇ ವಠಾರದಲ್ಲಿ ವಿಧವೆಯು ಎಷ್ಟು ಹೊತ್ತಿಗೆ ಮನೆಗೆ ಬಂದಳೆಂಬುದಕ್ಕೂ, ಬಾಡಿಗೆ ಯಾರು ಕೊಟ್ಟಿಲ್ಲವೆಂಬುದಕ್ಕೂ, ಯಾರ ಜಾತಿ ಯಾವುದೆಂಬುದಕ್ಕೂ ಲೆಕ್ಕವಿಡುವವರು ಇದ್ದರು. ಊರ ಬಾಯಿಗೆ ಮುಚ್ಚಳವಿಲ್ಲವೆಂಬ ಗಾದೆ ಹುಟ್ಟಿದುದು ಬಡಾವಣೆಗಳಲ್ಲಲ್ಲ. ವಠಾರವು ಎಲ್ಲವನ್ನೂ ತಿಳಿದು ಏನನ್ನೂ ಬಚ್ಚಿಡಲರಿಯದೆ ಹೋಯಿತು. ಅದರ ನಾಲಗೆಗೆ ಬೆದರಿ ಓಡಿಬಂದವರ ಮಕ್ಕಳು ಇಂದು ಏನನ್ನೂ ತಿಳಿಸದೆ, ಏನನ್ನೂ ತಿಳಿಯದೆ ಬದುಕುತ್ತಿದ್ದಾರೆ. ಅಪನಂಬಿಕೆಯ ಬೇರು ಇಲ್ಲಿದೆ. ಗೃಹಸ್ಥನು ಕಳ್ಳನಿಗೆ ಅಂಜುವುದು ರಾತ್ರಿ ಮಾತ್ರ. ನೆರೆಯವರ ನಾಲಗೆಗೆ ಹಗಲೂ ಇರುಳೂ ಅಂಜುತ್ತಾನೆ.

ಈ ಅಂಜಿಕೆಯು ಆಧಾರವಿಲ್ಲದ್ದೆಂದು ಹೇಳುವವರು 2020ನೆಯ ಇಸವಿಯನ್ನು ನೆನೆಯಬೇಕು. ಆ ಮಾರ್ಚಿನಲ್ಲಿ ಕೊರೋನಾ ಜಾಡ್ಯದ ಶಂಕೆಯಿಂದ ಪ್ರತ್ಯೇಕವಾಗಿ ಇರಿಸಲ್ಪಟ್ಟವರ ಕೈಗೆ ಈ ರಾಜ್ಯದಲ್ಲಿ ಮುದ್ರೆ ಒತ್ತಲಾಯಿತು. ಅವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಬಾಗಿಲಿಗೆ ಅಂಟಿಸಿದ ಚೀಟಿ ಆರೈಕೆಯ ಗುರುತಾಗಬೇಕಿತ್ತು. ಆದುದು ದೂರವಿರಿಸುವ ಗುರುತು. ದೇಶದ ನಾನಾ ಕಡೆಗಳಲ್ಲಿ ವೈದ್ಯರನ್ನೂ ದಾದಿಯರನ್ನೂ ಬಾಡಿಗೆಯ ಮನೆಗಳಿಂದ ಹೊರಡಿಸುವ ಪ್ರಯತ್ನಗಳು ನಡೆದುವು. ಆರೋಗ್ಯ ಕಾರ್ಯಕರ್ತರ ರಕ್ಷಣೆಗಾಗಿ ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅಧಿಕಾರಿಯ ನಿರ್ದಿಷ್ಟ ಆಜ್ಞೆಯಿಲ್ಲದೆ ರೋಗಿಯ ಬಾಗಿಲಿಗೆ ಚೀಟಿ ಅಂಟಿಸಕೂಡದೆಂದು ಆ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ದಿನಗಳಲ್ಲಿ ಅನ್ನ ಸಾರುಗಳನ್ನು ಮಾಡಿ ರೋಗಿಯ ಗೇಟಿಗೆ ತೂಗುಹಾಕಿ ಹೋದ ನೆರೆಯವರೂ ಇದ್ದರು. ಅವರು ಪಟ್ಟಿಯನ್ನು ಓದಿ ಇತರರಿಗೆ ಕಳುಹಿಸಲಿಲ್ಲ. ಓದಿ ಒಲೆ ಹಚ್ಚಿದರು. ತಿಳಿವು ಒಂದೇ ಆದರೂ ಅದರ ವಿನಿಯೋಗ ಎರಡು ಬಗೆ.

ನಾಲಗೆಗಿಲ್ಲದ ಬೀಗವನ್ನು ಬೀದಿಯು ಅಪರಿಚಿತರ ಮೇಲೆ ಹಾಕುತ್ತದೆ. ಮನೆ ಬಾಡಿಗೆಗಿದೆಯೆಂಬ ಫಲಕದ ಕೆಳಗೆ ಕುಟುಂಬಸ್ಥರಿಗೆ ಮಾತ್ರ, ಸಸ್ಯಾಹಾರಿಗಳಿಗೆ ಮಾತ್ರ ಎಂದು ಬರೆಯುವುದು ರೂಢಿಯಾಗಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆದರೂ, ಒಂಟಿಯಾಗಿ ದುಡಿಯುವ ಹೆಣ್ಣುಮಗಳ ಮನೆಗೆ ಯಾರು ಬಂದರೆಂಬ ವಿಚಾರಣೆ ನಿಲ್ಲುವುದಿಲ್ಲ. ಮನೆಗೆಲಸದವಳು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಶಂಕಿತಳೆ. ಆದರೆ ಎಷ್ಟೋ ಮನೆಗಳಲ್ಲಿ ಬಿದ್ದ ವೃದ್ಧರನ್ನು ಮೊದಲು ಎತ್ತುವವಳು ಅವಳೇ; ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯಲು ಒದಗುವವನು ಮೇಲಿನ ಮನೆಯ ಬಾಡಿಗೆಯ ಹುಡುಗನೇ. ದೂರದ ನೆಂಟನಿಗಿಂತ ಹತ್ತಿರದ ನೆರೆಯವನೇ ಲೇಸೆಂಬ ಹಿರಿಯರ ಮಾತಿನಲ್ಲಿ ನೆರೆಯವನ ಜಾತಿಯಾಗಲಿ, ಮನೆ ಸ್ವಂತವೋ ಬಾಡಿಗೆಯದೋ ಎಂಬುದಾಗಲಿ ನಮೂದಾಗಿಲ್ಲ.

ಕಳ್ಳತನ ವಂಚನೆಗಳು ಹೆಚ್ಚಿರುವಾಗ ಎಚ್ಚರಿಕೆ ಬೇಡವೇ ಎಂದು ಕೇಳಬಹುದು. ಬೇಕು. ಆದರೆ ಇಂದಿನ ವಂಚಕನು ಗೋಡೆ ಹಾರಿ ಬರುವುದಿಲ್ಲ, ಫೋನಿನೊಳಗಿಂದ ಬರುತ್ತಾನೆ. ಪೊಲೀಸನೆಂದೋ ಸರ್ಕಾರದ ಅಧಿಕಾರಿಯೆಂದೋ ಹೇಳಿಕೊಂಡು, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆಯೆಂದು ಹೆದರಿಸಿ, ವೃದ್ಧರನ್ನು ಅವರದೇ ಕೋಣೆಯಲ್ಲಿ ದಿನಗಟ್ಟಲೆ ಸೆರೆಯಿಟ್ಟು ಉಳಿತಾಯವನ್ನೆಲ್ಲ ಸುಲಿಯುತ್ತಾನೆ. ಅಂತಹ ಬಂಧನವು ಈ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಬಾನುಲಿಯಲ್ಲಿ ಈ ಮೋಸದ ವಿಷಯವಾಗಿ ಎಚ್ಚರಿಸಿದರು. ದೂರಿಗೆ 1930 ಎಂಬ ಸಂಖ್ಯೆಯುಂಟು. ವಂಚಕನು ವಿಧಿಸುವ ಮೊದಲನೆಯ ಕಟ್ಟಳೆ ಯಾವುದು? ಈ ಸಂಗತಿಯನ್ನು ಯಾರೊಡನೆಯೂ ಆಡಕೂಡದು. ನೆರೆಯವರೊಡನೆ ಮಾತನಾಡುವ ವಾಡಿಕೆ ಮೊದಲೇ ಸತ್ತಿರುವ ಬೀದಿಯಲ್ಲಿ ಅವನ ಕೆಲಸ ಅರ್ಧ ಮುಗಿದಂತೆಯೇ. ಗೇಟಿನ ಕ್ಯಾಮೆರಾ ಅವನನ್ನು ಕಾಣಲಾರದು. ಸಂಜೆಯ ಹೊತ್ತು ಗೇಟಿನ ಬಳಿ ನಿಂತು, ಹೀಗೊಂದು ಕರೆ ಬಂದಿತೆಂದು ಹೇಳಿದ್ದರೆ ಎದುರುಮನೆಯ ಸಾಮಾನ್ಯಳಾದ ಗೃಹಿಣಿಯೂ ಆ ಮೋಸವನ್ನು ಬಯಲು ಮಾಡುತ್ತಿದ್ದಳು.

ಹೀಗಿರುವಲ್ಲಿ ನಾಗರಿಕ ಸಂಘಗಳು ಇನ್ನೊಂದು ಕ್ಯಾಮೆರಾಕ್ಕಾಗಿ ಚಂದಾ ಎತ್ತುವುದಕ್ಕೆ ಮುಂಚೆ ಹಣ ಬೇಡದ ಕೆಲವು ಕಟ್ಟಳೆಗಳನ್ನು ಮಾಡಿಕೊಳ್ಳತಕ್ಕದ್ದು. ಒಬ್ಬರ ಮನೆಯ ರೋಗ, ಸಾಲ, ದಾಂಪತ್ಯಗಳ ವಿಷಯ ಸಂಘದ ಸಭೆಯಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಬರಕೂಡದು. ಬಂದರೆ ಹಿರಿಯರು ಅಲ್ಲಿಯೇ ತಡೆಯಬೇಕು. ಬಾಡಿಗೆಯವರಿಗೂ ಸಭೆಯಲ್ಲಿ ಕುರ್ಚಿಯಿರಬೇಕು. ಒಂಟಿಯಾಗಿರುವ ವೃದ್ಧರ ಬಾಗಿಲನ್ನು ದಿನಕ್ಕೊಮ್ಮೆ ತಟ್ಟುವವರು ಯಾರೆಂಬುದನ್ನು ಅವರ ಒಪ್ಪಿಗೆಯಿಂದಲೇ ನಿಶ್ಚಯಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಒಂದು ಮನೆಯಲ್ಲಿ ಕೇಳಿದ ಮಾತು ಎರಡನೆಯ ಮನೆಯ ಹೊಸ್ತಿಲು ದಾಟಕೂಡದು. ಇದು ಹೆಂಗಸರಿಗೆ ಮಾತ್ರ ಹೇಳುವ ಬುದ್ಧಿಯೆಂದು ಗಂಡಸರು ಭಾವಿಸಬೇಕಾಗಿಲ್ಲ. ಪಾರ್ಕಿನ ಕಲ್ಲುಬೆಂಚುಗಳು ಅವರ ಹರಟೆಯನ್ನೂ ಕೇಳಿವೆ.

ಸಂಕ್ರಾಂತಿಯಲ್ಲಿ ಈ ಬೀದಿಗಳ ಹೆಣ್ಣುಮಕ್ಕಳು ಇಂದಿಗೂ ಎಳ್ಳು ಬೀರುತ್ತಾರೆ. ಎಳ್ಳುಬೆಲ್ಲವನ್ನು ತಿಂದು ಒಳ್ಳೆಯ ಮಾತನಾಡಬೇಕೆಂಬುದು ಆ ಹಬ್ಬದ ಕಟ್ಟಳೆ. ವರ್ಷಕ್ಕೊಮ್ಮೆ ಒಳ್ಳೆಯ ಮಾತನಾಡಿ ಉಳಿದ ದಿನಗಳಲ್ಲಿ ಪರದೆಯ ಸಂದಿನಿಂದ ಇಣುಕುವವರಿಗೆ ನೆರೆಯವರೆಂಬ ಹೆಸರು ಸಲ್ಲದು. ಕೇಳಿದ ದುಃಖವನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಲ್ಲವನು ಬೀದಿಗೊಬ್ಬನಾದರೂ ಇದ್ದರೆ, ಆ ಬೀದಿಯ ಗೇಟುಗಳು ತಾವಾಗಿ ತೆರೆದಾವು.