ನಡುರೂಪದ ನಿಲುವು

ಮಕ್ಕಳಿರುವ ಮನೆಯಲ್ಲಿ ಹಿರಿಯರ ವಿದ್ಯೆಗೆ ಪರೀಕ್ಷೆ ತಪ್ಪಿದ್ದಲ್ಲ. ಕಳೆದ ತಿಂಗಳು ರಜೆಗೆ ಬಂದ ನಮ್ಮ ಮೊಮ್ಮಗನು ಒಂದು ಬೊಮ್ಮೆಯನ್ನು ಮೇಜಿನ ಮೇಲಿಟ್ಟು, "ತಾತ, ಇದನ್ನು ನಿಲ್ಲಿಸಿಕೊಡಿ" ಎಂದನು. ಆ ಬೊಮ್ಮೆಗೆ ಮೂರು ರೂಪಗಳು. ಒಂದು ವಿಮಾನ, ಕೀಲುಗಳನ್ನು ತಿರುಗಿಸಿ ಎತ್ತಿದರೆ ಯಂತ್ರಮಾನವ, ಇವೆರಡರ ನಡುವೆ, ವಿಮಾನದ ಒಡಲಿಗೆ ಕೈಕಾಲು ಮೂಡಿದ ಮಿಶ್ರರೂಪ. ಮೊದಲನೆಯದು ನೆಮ್ಮದಿಯಾಗಿ ಮಲಗುವುದು. ಕಡೆಯದು ಕಂಬದಂತೆ ನಿಲ್ಲುವುದು. ನಡುವಣದು ಮಾತ್ರ ನಿಲ್ಲಿಸಿದಾಗಲೆಲ್ಲ ಮುಗ್ಗರಿಸಿ ಮೂಗು ಊರುತ್ತಿತ್ತು.

ಇಂತಹ ಬೊಮ್ಮೆಯ ಹುಟ್ಟೂರು ಜಪಾನು. 1982ರಲ್ಲಿ ಅಲ್ಲಿಯ ಟೆಲಿವಿಷನ್ನಿನಲ್ಲಿ ಆರಂಭವಾದ 'ಮ್ಯಾಕ್ರಾಸ್' ಎಂಬ ಚಿತ್ರಮಾಲೆಗಾಗಿ ಶೋಜಿ ಕವಾಮೊರಿ ಎಂಬ ತರುಣನು 'ವಾಲ್ಕಿರಿ' ಎಂಬ ಈ ಯಂತ್ರವನ್ನು ಕಲ್ಪಿಸಿದನು. ಅದರ ವಿಮಾನರೂಪವು ಅಮೆರಿಕದ ನೌಕಾಸೇನೆಯಲ್ಲಿದ್ದ ಎಫ್-14 ವಿಮಾನವನ್ನು ಹೋಲುತ್ತದೆ. ಆ ವರ್ಷವೇ ಅದರ ಬೊಮ್ಮೆಯೂ ಅಂಗಡಿಗೆ ಬಂದಿತು. 1985ರಲ್ಲಿ ಅದೇ ಅಚ್ಚಿನ ಬೊಮ್ಮೆಯು ಅಮೆರಿಕದಲ್ಲಿ 'ಟ್ರಾನ್ಸ್‌ಫಾರ್ಮರ್ಸ್' ಸಾಲಿನಲ್ಲಿ 'ಜೆಟ್‌ಫೈರ್' ಎಂಬ ಹೆಸರಿನಿಂದ ಮಾರಾಟವಾಯಿತು. ನಡುರೂಪಕ್ಕೆ 'ಗರ್‌ವಾಕ್' ಎಂದು ಹೆಸರು. ಇದು ಉದ್ದವಾದ ಇಂಗ್ಲಿಷ್ ಹೆಸರೊಂದರ ಸಂಕ್ಷೇಪ. ಅದರ ಕಡೆಯ ಅಕ್ಷರವು ಮೊಣಕಾಲಿನ ಕೀಲನ್ನು ಸೂಚಿಸುತ್ತದೆ. ಗುಟ್ಟೆಲ್ಲ ಮೊಣಕಾಲಿನಲ್ಲಿಯೇ ಇದೆಯೆಂಬುದನ್ನು ನಾವು ತಡವಾಗಿ ತಿಳಿದೆವು.

ತಡವಾಗಿ ಎಂದೆವಷ್ಟೆ. ಬೊಮ್ಮೆಯು ನಾಲ್ಕನೆಯ ಸಲ ಬಿದ್ದಾಗ ನಮಗೆ ಸಹನೆ ತಪ್ಪಿ, ತೊಡೆಯನ್ನು ಹಿಡಿದು ಮುಂದಕ್ಕೆ ಒತ್ತಿದೆವು. ಟಿಕ್ಕೆಂದು ಶಬ್ದವಾಯಿತು, ಬಲತೊಡೆಯ ಬುಡದಲ್ಲಿ ಕೂದಲೆಳೆಯಂತಹ ಬಿಳಿಯ ಬಿರುಕು ಕಾಣಿಸಿತು. ಹುಡುಗನು ಅದನ್ನು ಸ್ವಲ್ಪ ಹೊತ್ತು ನೋಡಿ, "ಪರವಾಗಿಲ್ಲ ತಾತ" ಎಂದನು. ಮೂವತ್ತು ವರ್ಷ ಮಕ್ಕಳಿಗೆ ತಾಳ್ಮೆಯನ್ನು ಬೋಧಿಸಿದ ನಮಗೆ ಆ ಮಾತು ಬೆತ್ತದ ಏಟಿಗಿಂತ ಬಲವಾಗಿ ತಾಗಿತು. ಅನಂತರ ಇಬ್ಬರೂ ಕುಳಿತು ನ್ಯಾಯವಾಗಿ ವಿಚಾರಿಸತೊಡಗಿದೆವು.

ಯಾವ ವಸ್ತುವೇ ಆಗಲಿ, ಅದರ ಭಾರದ ಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರವು ಪಾದಗಳು ಆವರಿಸಿದ ಸ್ಥಳದೊಳಗೆ ಬಿದ್ದರೆ ನಿಲ್ಲುವುದು. ಹೊರಗೆ ಬಿದ್ದರೆ ಉರುಳುವುದು. ಈ ರೂಪದಲ್ಲಿ ಉದ್ದನೆಯ ಮೂತಿ ಮುಂದೆ ಚಾಚಿರುತ್ತದೆ. ಮೊಣಕಾಲು ಹಕ್ಕಿಯ ಕಾಲಿನಂತೆ ಹಿಂದಕ್ಕೆ ಮಡಿಯುತ್ತದೆ. ಮಡಿಕೆ ಸಾಲದಿದ್ದರೆ ಪಾದಗಳು ಹಿಂದೆ ಉಳಿದು ಬೊಮ್ಮೆ ಮುಗ್ಗರಿಸುವುದು. ಅತಿಯಾದರೆ ಪಾದಗಳು ಮುಂದೆ ಬಂದು ಅದು ಹಿಂದಕ್ಕೆ ಕೂರುವುದು.

ಆದಕಾರಣ ಕ್ರಮವು ಹೀಗಿರಲಿ. ಮೊದಲು ಕೈಗಳನ್ನೂ ಕೋವಿಯನ್ನೂ ಬೇಕಾದ ಭಂಗಿಯಲ್ಲಿಡತಕ್ಕದ್ದು. ಅವು ಅಲುಗಿದರೆ ಭಾರವೂ ಸರಿಯುವುದು. ಆಮೇಲೆ ಎರಡು ರೆಕ್ಕೆಗಳ ಕೆಳಗೆ ಒಂದೊಂದು ಬೆರಳು ಕೊಟ್ಟು ಎತ್ತಿ, ಅತ್ತಿತ್ತ ವಾಲದ ಸ್ಥಳಕ್ಕೆ ಸೀಮೆಸುಣ್ಣದ ಗುರುತು ಹಾಕತಕ್ಕದ್ದು. ಪಾದಗಳು ಆ ಗುರುತಿನ ನೇರಕ್ಕೆ ಬರುವಂತೆ ಮೊಣಕಾಲನ್ನು ಮಡಿಸಿ, ಕಾಲುಗಳನ್ನು ಕೊಂಚ ಅಗಲಿಸಿ, ಬೆರಳು ಹಿಮ್ಮಡಿಗಳನ್ನು ಪೂರ್ತಿ ಬಿಚ್ಚಿ, ಅಂಗಾಲು ನೆಲಕ್ಕೆ ಸಮನಾಗಿ ಕೂರುವಂತೆ ಮಾಡಿದರೆ ಕೆಲಸ ಮುಗಿಯಿತು. ಗಾಜಿನ ಮೇಲೆ ಜಾರುವುದಾದರೆ ಒರಟು ಬಟ್ಟೆ ಹಾಸಬಹುದು. ಗುಂಡುಕೀಲು ಸಡಿಲವಾಗಿದ್ದರೆ ಅದನ್ನು ಬಿಚ್ಚಿ, ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆಯೇ ಜೋಡಿಸಬೇಕು. ಹಸಿಯಾಗಿರುವಾಗ ಜೋಡಿಸಿದರೆ ಕೀಲು ಅಂಟಿಕೊಂಡೀತು.

ರೆಕ್ಕೆ, ಮನುಷ್ಯನ ಕೈ, ಹಕ್ಕಿಯ ಕಾಲು ಇವನ್ನು ಒಟ್ಟಿಗೆ ಕಂಡಾಗ ನಮಗೆ ಗರುಡನ ನೆನಪಾಯಿತು. ನಮ್ಮ ಶಿಲ್ಪಿಗಳು ಅವನನ್ನು ಎಷ್ಟೋ ಕಡೆ ಒಂದು ಮೊಣಕಾಲನ್ನು ನೆಲಕ್ಕೂರಿಸಿ ಕೆತ್ತಿದ್ದಾರೆ. ಅದು ಭಕ್ತಿಯ ಭಂಗಿ, ನಿಜ. ಅಲುಗದ ಭಂಗಿಯೂ ಅಹುದು.

ಹುಡುಗನಿಗೆ ಈಗ ಹನ್ನೊಂದು ವರ್ಷ. ಬಾಲಕನೂ ಅಲ್ಲ, ತರುಣನೂ ಅಲ್ಲ. ಊರಿಗೆ ಹೊರಡುವ ದಿನ ಬೊಮ್ಮೆಯನ್ನು ನಮ್ಮ ಪುಸ್ತಕದ ಕಪಾಟಿನ ಮೇಲೆ ತಾನೇ ನಿಲ್ಲಿಸಿ ಹೋದನು. ಬಾಗಿಲವರೆಗೆ ಹೋದವನು ತಿರುಗಿ, "ಬಿದ್ದರೆ ಒತ್ತಬೇಡಿ ತಾತ, ಮೊದಲು ಕಾಲು ಎಲ್ಲಿದೆ ನೋಡಿ" ಎಂದನು. ಬಿರುಕು ಇದೆ, ಬೊಮ್ಮೆ ಇನ್ನೂ ನಿಂತಿದೆ.