ಮೈದಾನದ ಹೆಸರು, ವಾದ್ಯದ ಕಲಿಕೆ

ಕ್ರೀಡಾಪಟುವೊಬ್ಬ ಸಂಗೀತದ ಆಲ್ಬಮ್ ಹೊರತಂದ ಕೂಡಲೇ ಅದನ್ನು ಹೆಸರಿನ ವ್ಯಾಪಾರವೆಂದು ತಳ್ಳಿಹಾಕುವುದು ರೂಢಿಯಾಗಿದೆ. ಮೊದಲು ಹಣ ತಂದ ವಿದ್ಯೆಯೇ ಮೊದಲು ಕಲಿತ ವಿದ್ಯೆಯೂ ಆಗಿರಬೇಕೆಂಬ ತಪ್ಪು ಗ್ರಹಿಕೆ ಈ ತೀರ್ಪಿನ ಬುಡದಲ್ಲಿದೆ. ವೃತ್ತಿಕ್ರೀಡೆಯನ್ನು ಹರೆಯದಲ್ಲಿ ಮಾತ್ರ ಆಡಲು ಸಾಧ್ಯ, ಸಂಗೀತ ಕಾಯಬಲ್ಲದು. ಆದುದರಿಂದ ಎರಡನ್ನೂ ಬಾಲ್ಯದಲ್ಲೇ ಕಲಿತವನು ಮೊದಲು ಮೈದಾನಕ್ಕಿಳಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದುಂಟು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕೂಟವಾದ ಎನ್‌ಬಿಎಯಲ್ಲಿ ಒಂದೇ ಋತು ಆಡಿ ಮುಗಿಸಿದ್ದ ಶಕೀಲ್ ಓನೀಲ್ 1993ರಲ್ಲಿ ಹೊರತಂದ 'ಶಾಕ್ ಡೀಸೆಲ್' ಎಂಬ ರ‍್ಯಾಪ್ ಆಲ್ಬಮ್, ಹತ್ತು ಲಕ್ಷ ಪ್ರತಿಗಳನ್ನು ಸೂಚಿಸುವ ಪ್ಲಾಟಿನಂ ಮನ್ನಣೆ ಪಡೆಯಿತು. ಅದೇ ದನಿ ಅನಾಮಿಕನೊಬ್ಬನದಾಗಿದ್ದರೆ ಯಾವ ಕಂಪನಿಯೂ ಅತ್ತ ತಿರುಗಿ ನೋಡುತ್ತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ವರ್ಷಗಟ್ಟಲೆ ಸಾಧಕ ಮಾಡಿಯೂ ಅವಕಾಶ ಸಿಗದ ಕಲಾವಿದನ ಕಹಿಯನ್ನು ಹೊಟ್ಟೆಕಿಚ್ಚೆಂದು ಕರೆಯುವುದು ಅನ್ಯಾಯ. ಆದರೂ ಈ ಆಕ್ಷೇಪ ಸಲ್ಲುವುದು ಸಂಗೀತೋದ್ಯಮದ ನಡತೆಗೇ ಹೊರತು ಕೇಳಿಬರುವ ಸಂಗೀತಕ್ಕಲ್ಲ. ಮೈಕಟ್ಟಿದ್ದವನಿಗೆ ಸೂಕ್ಷ್ಮ ರುಚಿ ಇರದೆಂಬ ಇನ್ನೊಂದು ಮಾತಂತೂ ಉತ್ತರಕ್ಕೂ ಯೋಗ್ಯವಲ್ಲ.

ಕೇಳಿಬರುವ ಸಂಗೀತವನ್ನೇ ಅಳತೆಗೋಲಾಗಿಸಿದರೆ ವೇಮನ್ ಟಿಸ್‌ಡೇಲ್ ಅವರನ್ನು ಬದಿಗಿಟ್ಟು ಮುಂದುವರಿಯಲಾಗದು. 1984ರ ಒಲಿಂಪಿಕ್ ಚಿನ್ನದ ತಂಡದಲ್ಲಿದ್ದು, 1985ರಿಂದ 1997ರವರೆಗೆ ಎನ್‌ಬಿಎಯಲ್ಲಿ ಆಡಿದ ಅವರು, ಓಕ್ಲಹೋಮ ರಾಜ್ಯದ ಟಲ್ಸಾದಲ್ಲಿ ಪಾದ್ರಿಯ ಮಗನಾಗಿ ಬೆಳೆದು, ತಂದೆಯ ಚರ್ಚಿನಲ್ಲಿ ಬೇಸ್ ಗಿಟಾರ್ ನುಡಿಸಿದವರು. ಮಂದ್ರ ಸ್ವರಗಳಿಂದ ಹಾಡಿನ ತಳವನ್ನೂ ಲಯವನ್ನೂ ಹಿಡಿದು ನಿಲ್ಲಿಸುವ ವಾದ್ಯವದು. ಎಡಚರಾಗಿದ್ದ ಅವರು ತಂತಿಗಳ ಕ್ರಮ ತಲೆಕೆಳಗಾದಂತೆ ಅದನ್ನು ಹಿಡಿಯುತ್ತಿದ್ದುದರಿಂದ, ಇತರರಿಗೆ ಮೇಲಿರುವ ದಪ್ಪ ತಂತಿ ಅವರಿಗೆ ಕೆಳಗಿರುತ್ತಿತ್ತು; ಪಾಠದ ಪುಸ್ತಕಗಳು ಹೇಳುವ ಬೆರಳಿನ ನಡೆಯನ್ನೆಲ್ಲ ಅವರ ಕೈ ತಾನಾಗಿಯೇ ಹೊಸದಾಗಿ ಕಂಡುಕೊಳ್ಳಬೇಕಾಗಿತ್ತು. ಇಂತಹ ಕೈ ಖ್ಯಾತಿಯಿಂದ ಬರುವಂಥದಲ್ಲ. ಮೊದಲ ಆಲ್ಬಮ್ 'ಪವರ್ ಫಾರ್ವರ್ಡ್' 1995ರಲ್ಲಿ, ಅವರಿನ್ನೂ ಆಡುತ್ತಿದ್ದಾಗಲೇ ಬಂದಿತೆಂಬುದು ನಿಜ. ಆದರೆ 'ಫೇಸ್ ಟು ಫೇಸ್' ಬಿಲ್‌ಬೋರ್ಡ್ ಪತ್ರಿಕೆಯ ಸಮಕಾಲೀನ ಜಾಝ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಹೊತ್ತಿಗೆ ಅವರು ಅಂಗಳ ಬಿಟ್ಟು ನಾಲ್ಕು ವರ್ಷಗಳಾಗಿದ್ದವು. ಮೂಳೆಯ ಕ್ಯಾನ್ಸರಿನಿಂದ 2008ರಲ್ಲಿ ಒಂದು ಕಾಲನ್ನೇ ಕಳೆದುಕೊಂಡ ಮೇಲೂ ನುಡಿಸುತ್ತಿದ್ದ ಅವರು 2009ರಲ್ಲಿ ತೀರಿಕೊಂಡರು.

ಬೇಸ್‌ಬಾಲ್ ಆಟಗಾರ ಬರ್ನಿ ವಿಲಿಯಮ್ಸ್ ಅವರ ದಾರಿ ಬೇರೆ. ಪೋರ್ಟೊರಿಕೊದ ಸಂಗೀತಶಾಲೆಯಲ್ಲಿ ಶಾಸ್ತ್ರೀಯ ಗಿಟಾರ್ ಕಲಿತು, ಹದಿನೇಳನೆಯ ವಯಸ್ಸಿಗೆ ನ್ಯೂಯಾರ್ಕ್ ಯಾಂಕೀಸ್ ತಂಡದೊಡನೆ ಒಪ್ಪಂದ ಮಾಡಿಕೊಂಡು, ನಾಲ್ಕು ಬಾರಿ ವರ್ಲ್ಡ್ ಸೀರೀಸ್ ಗೆದ್ದ ಅವರು, ಆಟ ಮುಗಿದ ಬಳಿಕ ಮ್ಯಾನ್‌ಹಾಟನ್ ಸ್ಕೂಲ್ ಆಫ್ ಮ್ಯೂಸಿಕ್ ಸೇರಿ 2016ರಲ್ಲಿ ಪದವಿ ಪಡೆದರು. ಹೆಸರನ್ನು ಮಾರುವುದೇ ಉದ್ದೇಶವಾಗಿದ್ದರೆ, ನಲವತ್ತು ದಾಟಿದ ಮೇಲೆ ತಮಗಿಂತ ಎಷ್ಟೋ ಕಿರಿಯರಾದ ವಿದ್ಯಾರ್ಥಿಗಳ ನಡುವೆ ಕುಳಿತು ಪಾಠ ಕೇಳುವ ಅಗತ್ಯವೇ ಇರಲಿಲ್ಲ. ಮಾರುವುದಕ್ಕೆ ಅವರ ಎರಡು ಆಲ್ಬಮ್‌ಗಳು 2003 ಮತ್ತು 2009ರಲ್ಲೇ ಅಂಗಡಿಗೆ ಬಂದಿದ್ದವು.